ತುಂಗೆಯ ಮೆದು ನೀರೂ ನಲ್ಲಿಯ ಸೀಸವೂ

‘ಗಂಗಾ ಸ್ನಾನ, ತುಂಗಾ ಪಾನ’ ಎಂಬ ಮಾತನ್ನು ಕೇಳುತ್ತ ಬೆಳೆದ ಶಿವಮೊಗ್ಗದವರಿಗೆ ತಮ್ಮ ನೀರಿನ ಬಗ್ಗೆ ಇರುವ ಅಭಿಮಾನ ನ್ಯಾಯವಾದದ್ದೇ. ಆದರೆ ಆ ರುಚಿಗೆ ನೆರವಾಗುವ ಮೆದುತನವೇ ಮನೆಯ ಕೊಳವೆಗಳ ಮಟ್ಟಿಗೆ ತೊಡಕಾಗಬಲ್ಲದು. ಲಕ್ಷಾಂತರ ವರ್ಷಗಳ ಮಳೆ ತೊಳೆದ ಜಂಬಿಟ್ಟಿಗೆ ನೆಲದಲ್ಲಿ ಸುಣ್ಣದ ಅಂಶ ಬಹಳ ಕಡಿಮೆ. ಹೀಗಾಗಿ ಬಯಲುಸೀಮೆಯ ಗಡಸು ನೀರು ಕೊಳವೆಯೊಳಗೆ ಕಟ್ಟುವ, ಲೋಹಕ್ಕೆ ನೀರು ತಾಗದಂತೆ ತಡೆಯುವ ಬಿಳಿ ಪದರವನ್ನು ಮಲೆನಾಡಿನ ಹೊಳೆ, ಅಬ್ಬಿಗಳ ನೀರು ಅಷ್ಟಾಗಿ ಕಟ್ಟುವುದಿಲ್ಲ. ತುಸು ಆಮ್ಲೀಯವಾದ ಮೆದು ನೀರು ರಾತ್ರಿಯಿಡೀ ಲೋಹಕ್ಕೆ ತಾಗಿ ನಿಂತರೆ ಅಲ್ಲಿರುವ ಸೀಸ ಸ್ವಲ್ಪ ಸ್ವಲ್ಪವೇ ಕರಗುತ್ತದೆ.

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರ ಇದನ್ನು ಅನುಭವದಿಂದ ಕಲಿಯಿತು. 1859ರಿಂದ ಅಲ್ಲಿಗೆ ಬರುತ್ತಿರುವ ಕ್ಯಾಟ್ರಿನ್ ಸರೋವರದ ನೀರು ನಮ್ಮದರಂತೆಯೇ ಮಳೆಗುಡ್ಡಗಳದು, ಬಹಳ ಮೆದು. ಮನೆಗಳಲ್ಲಿದ್ದುದು ಸೀಸದ ಕೊಳವೆಗಳು. ಎಲ್ಲ ಕೊಳವೆಗಳನ್ನೂ ಕಿತ್ತು ಬದಲಿಸುವುದು ತಕ್ಷಣಕ್ಕೆ ಆಗುವ ಕೆಲಸವಾಗಿರಲಿಲ್ಲ. ಆದ್ದರಿಂದ ಮೊದಲು ಸುಣ್ಣ ಬೆರೆಸಿ ಆಮ್ಲೀಯತೆಯನ್ನು ತಗ್ಗಿಸಿದರು. ಆಮೇಲೆ ಅತ್ಯಲ್ಪ ಪ್ರಮಾಣದಲ್ಲಿ ಫಾಸ್ಫೇಟ್ ಸೇರಿಸತೊಡಗಿದರು. ಫಾಸ್ಫೇಟ್ ಸೀಸದೊಡನೆ ಕೂಡಿ, ನೀರಿನಲ್ಲಿ ಸುಲಭವಾಗಿ ಕರಗದ ತೆಳುಪೊರೆಯಾಗಿ ಕೊಳವೆಯ ಒಳಗೋಡೆಗೆ ಅಂಟಿಕೊಳ್ಳುತ್ತದೆ.

ನಮ್ಮಲ್ಲಿ ಸೀಸದ ಕೊಳವೆಗಳು ಅಪರೂಪ. ಇಲ್ಲಿ ಗಮನಿಸಬೇಕಾದವು ಹಿತ್ತಾಳೆಯ ನಲ್ಲಿ, ವಾಲ್ವುಗಳು ಮತ್ತು ಹಳೆಯ ಪಿವಿಸಿ ಪೈಪುಗಳು. ಲೇತಿನಲ್ಲಿ ಸಲೀಸಾಗಿ ಕಡೆಯಲೆಂದು ಹಿತ್ತಾಳೆಗೆ ಸೀಸ ಬೆರೆಸುತ್ತಾರೆ. ತಯಾರಿಕೆಯ ಬಿಸಿಗೆ ಕೆಡದಿರಲೆಂದು ಪಿವಿಸಿಗೆ ಸೀಸದ ಸಂಯುಕ್ತಗಳನ್ನು ಸೇರಿಸುವ ರೂಢಿಯಿತ್ತು. ಇದಕ್ಕೆ ಕಡಿವಾಣ ಹಾಕುವ ಕೇಂದ್ರದ ನಿಯಮಗಳು ಬಂದದ್ದು 2021ರಲ್ಲಿ. ಅದಕ್ಕೂ ಮುಂಚೆ ಗೋಡೆಯೊಳಗೆ ಸೇರಿದ ಪೈಪುಗಳು ಇನ್ನೂ ಅಲ್ಲಿಯೇ ಇವೆ. ಅಡಿಕೆ ದಬ್ಬೆಯಲ್ಲಿ ಅಬ್ಬಿ ನೀರು ತರುತ್ತಿದ್ದ ಕಾಲದಲ್ಲಿ ಈ ಚಿಂತೆಯೇ ಇರಲಿಲ್ಲ.

ಕುಡಿಯುವ ನೀರಿನಲ್ಲಿ ಸೀಸಕ್ಕೆ ಭಾರತೀಯ ಮಾನಕದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಮಕ್ಕಳ ಮಿದುಳಿನ ಬೆಳವಣಿಗೆಯ ವಿಷಯದಲ್ಲಿ ಇಷ್ಟು ಸೀಸ ಸುರಕ್ಷಿತ ಎನ್ನಬಹುದಾದ ಮಟ್ಟ ಯಾವುದೂ ಗೊತ್ತಾಗಿಲ್ಲವಾದ್ದರಿಂದ, ಮಿತಿಯೊಳಗಿದ್ದರೂ ಆದಷ್ಟು ಕಡಿಮೆ ಮಾಡುವುದೇ ಸರಿ. ಕುದಿಸಿದರೆ ಸೀಸ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಬೆಳಗಿನ ಮೊದಲ ನೀರನ್ನು ಹೂಗಿಡಗಳಿಗೆ ಬಿಟ್ಟು, ನಲ್ಲಿ ಒಂದೆರಡು ನಿಮಿಷ ಹರಿದ ಮೇಲೆ ಕುಡಿಯಲು ಹಿಡಿಯಬೇಕು. ಬಿಸಿನೀರು ಸೀಸವನ್ನು ಬೇಗ ಕರಗಿಸುವುದರಿಂದ ಗೀಸರಿನ ನೀರನ್ನು ಅಡುಗೆಗೆ ಬಳಸಬಾರದು.

ಪರೀಕ್ಷೆ ಮಾಡಿಸುವವರು ಸಾಮಾನ್ಯವಾಗಿ ಬಾವಿಯಿಂದಲೋ ಟ್ಯಾಂಕಿನಿಂದಲೋ ನೀರು ಕೊಡುತ್ತಾರೆ. ಅದರಿಂದ ನಲ್ಲಿಯ ಸಂಗತಿ ತಿಳಿಯುವುದಿಲ್ಲ. ರಾತ್ರಿಯಿಡೀ ನಿಂತ ನೀರನ್ನು ಬೆಳಿಗ್ಗೆ ನಲ್ಲಿ ತಿರುಗಿಸಿದ ಕೂಡಲೇ ಒಂದು ಬಾಟಲಿಗೆ, ಚೆನ್ನಾಗಿ ಹರಿಯಬಿಟ್ಟ ಮೇಲೆ ಇನ್ನೊಂದಕ್ಕೆ ಹಿಡಿದು ಎರಡನ್ನೂ ಪ್ರಯೋಗಾಲಯಕ್ಕೆ ಕೊಡಬೇಕು. ಮೊದಲನೆಯದರಲ್ಲಿ ಮಾತ್ರ ಸೀಸ ಹೆಚ್ಚಿದ್ದರೆ, ಬದಲಿಸಬೇಕಾದದ್ದು ಬಹುಶಃ ಆ ನಲ್ಲಿಯನ್ನೋ ಅದರ ಹಿಂದಿನ ತುಂಡು ಪೈಪನ್ನೋ ಅಷ್ಟೆ.