ಮಳೆಗಾಲದಲ್ಲಿ ಬೀಚಿಗೆ ಬಂದು ಕೂತ ದೊಡ್ಡ ಬಿಳಿ ಹಕ್ಕಿ ಯಾವುದು?

ಪ್ರಶ್ನೆ: ಜುಲೈನಲ್ಲಿ ಮಂಗಳೂರು ಕಡೆಯ ಬೀಚಿನಲ್ಲಿ ಬಾತುಕೋಳಿಗಿಂತ ದೊಡ್ಡದಾದ ಬಿಳಿ ಹಕ್ಕಿಯೊಂದು ಮರಳ ಮೇಲೆ ಕೂತಿತ್ತು. ರೆಕ್ಕೆಯ ಅಂಚು ಕಪ್ಪು. ಹತ್ತಿರ ಹೋದರೂ ಹಾರಲಿಲ್ಲ. ಅದು ಸೀಗಲ್ಲಾ?

ಉತ್ತರ: ಅಲ್ಲ ಅನ್ನಿಸುತ್ತದೆ. ನಮ್ಮ ಕರಾವಳಿಗೆ ಸೀಗಲ್‌ಗಳು ಬರುವುದು ಚಳಿಗಾಲಕ್ಕೆ, ಜುಲೈ ಹೊತ್ತಿಗೆ ಹೆಚ್ಚಿನವು ಮರಿ ಮಾಡಲು ಉತ್ತರಕ್ಕೆ ಹೋಗಿರುತ್ತವೆ. ನೀವು ನೋಡಿದ್ದು ಬಹುಶಃ ಮಾಸ್ಕ್ಡ್ ಬೂಬಿ. ದೂರದ ದ್ವೀಪಗಳಲ್ಲಿ ಮೊಟ್ಟೆಯಿಟ್ಟು, ಉಳಿದ ಕಾಲವೆಲ್ಲ ನಡುಗಡಲಲ್ಲೇ ಕಳೆಯುವ ಹಕ್ಕಿ ಇದು. ಮುಂಗಾರಿನ ಗಾಳಿ ಜೋರಾದಾಗ ಒಂದೊಂದು ಸುಸ್ತಾಗಿ ನಮ್ಮ ದಡಕ್ಕೆ ಬಂದು ಬೀಳುತ್ತದೆ.

ಮೊದಲು ಕೊಕ್ಕು ನೋಡಿ. ಸೀಗಲ್ ಕೊಕ್ಕಿನ ತುದಿ ಕೆಳಕ್ಕೆ ಬಾಗಿರುತ್ತದೆ. ಬೂಬಿಯದು ದಪ್ಪ, ಉದ್ದ, ಈಟಿಯ ಹಾಗೆ ನೇರ, ಬುಡದ ಸುತ್ತ ಮುಖದ ಚರ್ಮ ಕಪ್ಪು. ಇನ್ನೂ ಹತ್ತಿರದಿಂದ ನೋಡಿದರೆ ಕೊಕ್ಕಿನ ಮೇಲೆ ಮೂಗಿನ ತೂತೇ ಕಾಣುವುದಿಲ್ಲ. ಮೇಲಿಂದ ರೆಕ್ಕೆ ಮಡಚಿ ನೀರಿಗೆ ಧುಮುಕಿ ಮೀನು ಹಿಡಿಯುವ ಹಕ್ಕಿ, ಮೂಗಿಗೆ ನೀರು ನುಗ್ಗಬಾರದಲ್ವಾ! ಉಸಿರಾಡುವುದು ಬಾಯಿಯ ಅಂಚಿನಿಂದ. ರೆಕ್ಕೆ ಬಿಚ್ಚಿದರೆ ಒಂದೂವರೆ ಮೀಟರಿಗೂ ಜಾಸ್ತಿ, ಹಿಂದಿನ ಅಂಚು ತುದಿಯಿಂದ ಮೈವರೆಗೂ ಕಪ್ಪು. ಬಾಲವೂ ಕಪ್ಪು. ಕಾಲು ಕೆಂಪಗಿದ್ದರೆ ಮಾತ್ರ ಅದು ಬೇರೆ ಬೂಬಿ.

ಗೊಂದಲ ಆಗುವುದು ಎಳೆಯ ಹಕ್ಕಿಯಲ್ಲಿ. ತಲೆ, ಬೆನ್ನು ಎರಡೂ ಕಂದು, ಹೊಟ್ಟೆ ಬಿಳಿ, ಸುಮ್ನೆ ನೋಡಿದರೆ ಬ್ರೌನ್ ಬೂಬಿಯೇ ಅನ್ನಿಸುತ್ತದೆ. ಆಗ ಕತ್ತಿನ ಹಿಂದೆ ಬಿಳಿ ಪಟ್ಟಿ ಇದೆಯಾ ನೋಡಿ. ಇದ್ದರೆ ಮಾಸ್ಕ್ಡ್. ಬ್ರೌನ್ ಬೂಬಿಗೆ ಆ ಪಟ್ಟಿ ಇರುವುದಿಲ್ಲ, ಅದರ ಕಂದು ಬಣ್ಣ ಎದೆವರೆಗೂ ಇಳಿದು ಗೆರೆ ಎಳೆದಂತೆ ನಿಂತುಬಿಡುತ್ತದೆ.

ಹಾರಲಿಲ್ಲ ಅಂದಿರಲ್ಲ, ಅದು ಸಾಧು ಸ್ವಭಾವದಿಂದಲ್ಲ, ಮೈಯಲ್ಲಿ ಶಕ್ತಿ ಇಲ್ಲದೆ. ಜನ ಅಯ್ಯೋ ಪಾಪ ಅಂತ ಎತ್ತಿ ಮತ್ತೆ ಅಲೆಗೆ ಬಿಡುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ. ನಾಯಿಗಳನ್ನೂ ಸೆಲ್ಫಿಯವರನ್ನೂ ದೂರ ಇಟ್ಟು, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಬಾಯಿಗೆ ನೀರು ಹುಯ್ಯಬೇಡಿ. ಕೊಕ್ಕನ್ನಂತೂ ಬಟ್ಟೆಯಿಂದ ಕಟ್ಟಲೇಬೇಡಿ, ಉಸಿರುಗಟ್ಟಿ ಸಾಯುತ್ತದೆ. ಮುಖ ಹತ್ತಿರ ಒಯ್ದರೆ ಕಣ್ಣಿಗೇ ಕುಕ್ಕಬಹುದು, ಅದೂ ನೆನಪಿರಲಿ.

ಅವತ್ತಿನ ಫೋಟೋ ಇದ್ದರೆ ಕಳಿಸಿ. ಮುಖ, ಬಾಲ, ಕಾಲು ಕಾಣುವಂಥದ್ದಾದರೆ ಖಚಿತವಾಗಿ ಹೇಳಬಹುದು.