ನೆತ್ತಿಗೆ ಒಂದು ಬೊಗಸೆ ನೀರು ಹಾಕಲು ಅಷ್ಟು ದೊಡ್ಡ ಕಲ್ಲಿನ ತೊಟ್ಟಿ ಯಾಕೆ?

ಪ್ರಶ್ನೆ: ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ ಹಿಯರ್‌ಫರ್ಡ್‌ಶೈರಿನ ಅರ್ಡಿಸ್ಲಿ ಎಂಬ ಹಳ್ಳಿಯ ಚರ್ಚು ನೋಡಿದೆವು. ಅಲ್ಲಿ ಮೈತುಂಬ ಕೆತ್ತನೆಯಿರುವ ದೊಡ್ಡದೊಂದು ಕಲ್ಲಿನ ತೊಟ್ಟಿ ಇದೆ. ಮಕ್ಕಳಿಗೆ ಜ್ಞಾನಸ್ನಾನ ಮಾಡಿಸಲಿಕ್ಕೆ ಎಂದರು. ನಾನು ಕಂಡ ಜ್ಞಾನಸ್ನಾನದಲ್ಲೆಲ್ಲ ಗುರುಗಳು ಮಗುವಿನ ನೆತ್ತಿಗೆ ಸ್ವಲ್ಪ ನೀರು ಹಾಕುತ್ತಾರೆ, ಅಷ್ಟೆ. ಅದಕ್ಕೆ ಇಷ್ಟು ದೊಡ್ಡ ತೊಟ್ಟಿ ಯಾಕೆ ಬೇಕಿತ್ತು?

ಉತ್ತರ: ನೀವು ಬಳಸಿದ ಪದದಲ್ಲೇ ಉತ್ತರ ಅಡಗಿದೆ. ಕನ್ನಡದ ಕಥೋಲಿಕರು ಜ್ಞಾನಸ್ನಾನ ಎನ್ನುತ್ತಾರೆ, ಪ್ರೊಟೆಸ್ಟೆಂಟರು ದೀಕ್ಷಾಸ್ನಾನ ಎನ್ನುತ್ತಾರೆ. ಎರಡರಲ್ಲೂ ಇರುವುದು ಸ್ನಾನ. ಬ್ಯಾಪ್ಟಿಸಮ್ ಎಂಬ ಪದದ ಗ್ರೀಕ್ ಮೂಲಕ್ಕೂ ಮುಳುಗಿಸು, ಅದ್ದು ಎಂದೇ ಅರ್ಥ. ವಿಧಿ ಇವತ್ತು ಒಂದು ಬೊಗಸೆ ನೀರಿಗೆ ಇಳಿದಿದೆ. ಆ ತೊಟ್ಟಿಯನ್ನು ಕಡೆದ ಕಾಲಕ್ಕೆ, ಅಂದರೆ 1150ರ ಆಸುಪಾಸಿನಲ್ಲಿ, ಅದು ನಿಜವಾಗಿಯೂ ಸ್ನಾನವಾಗಿತ್ತು. ಬಟ್ಟೆ ಬಿಚ್ಚಿದ ಎಳೆಗೂಸನ್ನು ಪಾದ್ರಿ ಎರಡೂ ಕೈಯಲ್ಲಿ ಹಿಡಿದು ನೀರಿನಲ್ಲಿ ಮೂರು ಸಲ ಅದ್ದುತ್ತಿದ್ದರು. ತಂದೆ, ಮಗ, ಪವಿತ್ರಾತ್ಮ ಎಂದು ಒಂದೊಂದು ಹೆಸರಿಗೆ ಒಂದೊಂದು ಸಲ.

ಲೆಕ್ಕ ಹಾಕಿ ನೋಡಿ. ಕೂಸನ್ನು ಅಡ್ಡಡ್ಡ ಹಿಡಿದು ಅದ್ದಬೇಕು, ಕೈಕಾಲು ಕಲ್ಲಿಗೆ ತಾಗಬಾರದು. ಅದಕ್ಕೆ ಸುಮಾರು ಎರಡು ಅಡಿ ಅಗಲ, ಒಂದು ಅಡಿ ಆಳವಾದರೂ ಬೇಡವೇ? ಆ ಕಾಲದ ಹೆಚ್ಚಿನ ತೊಟ್ಟಿಗಳ ಒಳಗಿನ ಅಳತೆ ಹೆಚ್ಚುಕಡಿಮೆ ಅಷ್ಟೇ. ಕೂಸಿಗೆ ನೀರೆರೆದು ರೂಢಿಯಿರುವ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದು ಬರೀ ಊಹೆಯಲ್ಲ. ಇಂಗ್ಲೆಂಡಿನ ಪೂರ್ವದ ನಾರ್ಫೊಕ್, ಸಫೊಕ್ ಸೀಮೆಯ ಹಳ್ಳಿ ಚರ್ಚುಗಳಲ್ಲಿ ಎಂಟು ಮುಖದ ಕೆಲವು ತೊಟ್ಟಿಗಳಿವೆ, ಹೆಚ್ಚಿನವು ಹದಿನೈದನೇ ಶತಮಾನದವು. ಏಳು ಮುಖಗಳಲ್ಲಿ ಚರ್ಚಿನ ಏಳು ಸಂಸ್ಕಾರಗಳನ್ನು ಕೆತ್ತಿ, ಎಂಟನೆಯದರಲ್ಲಿ ಯೇಸುವಿನ ಶಿಲುಬೆಯನ್ನೋ ಯೇಸುವಿನದೇ ಸ್ನಾನವನ್ನೋ ತೋರಿಸುತ್ತಾರೆ. ಜ್ಞಾನಸ್ನಾನದ ಮುಖವನ್ನು ಹುಡುಕಿ ನೋಡಿದರೆ, ಅಂಥದ್ದೇ ತೊಟ್ಟಿಯ ಪಕ್ಕ ನಿಂತ ಪಾದ್ರಿ ಕೂಸನ್ನು ಅದರ ಮೇಲೆ ಹಿಡಿದಿರುತ್ತಾರೆ. ತೊಟ್ಟಿಯನ್ನು ಬಳಸುವುದು ಹೇಗೆಂದು ತೊಟ್ಟಿಯ ಮೈಮೇಲೇ ಬರೆದಿಟ್ಟ ಹಾಗೆ.

ಮಧ್ಯಯುಗದ ಇತಿಹಾಸಕಾರರು ಹೇಳುವ ಒಂದು ಚಾಡಿಯೂ ಇದಕ್ಕೆ ಸಾಕ್ಷಿ. ಮುಂದೆ ಇಂಗ್ಲೆಂಡಿನ ದೊರೆಯಾಗಿ, ಡೆನ್ಮಾರ್ಕಿನಿಂದ ದಂಡೆತ್ತಿ ಬಂದ ಡೇನರಿಂದ ಸೋತು ಸುಣ್ಣವಾದ ಎಥೆಲ್‌ರೆಡ್, ಕೂಸಾಗಿದ್ದಾಗ ಜ್ಞಾನಸ್ನಾನದ ನೀರಿನಲ್ಲೇ ಗಲೀಜು ಮಾಡಿಬಿಟ್ಟನಂತೆ. ಅದನ್ನು ಕಂಡ ಆರ್ಚ್‌ಬಿಷಪ್ ಡನ್‌ಸ್ಟನ್ ರಾಜ್ಯಕ್ಕೆ ಕೇಡು ಕಾದಿದೆ ಎಂದರಂತೆ. ಕತೆ ನಿಜವೋ ಕಟ್ಟಿದ್ದೋ, ನೆತ್ತಿಗೆ ಮಾತ್ರ ನೀರು ಹಾಕುತ್ತಿದ್ದರೆ ಇಂಥ ಕತೆ ಹುಟ್ಟುತ್ತಲೇ ಇರಲಿಲ್ಲ.

ಇನ್ನೊಂದು ಕಾರಣ ನೀರಿನದೇ. ಪ್ರತಿ ಕೂಸಿಗೂ ಹೊಸದಾಗಿ ನೀರು ತುಂಬುವ ಪದ್ಧತಿ ಇರಲಿಲ್ಲ. ಈಸ್ಟರ್ ಹಬ್ಬದ ಹಿಂದಿನ ರಾತ್ರಿ ಮತ್ತು ಅದಾಗಿ ಏಳು ವಾರಕ್ಕೆ ಬರುವ ಪೆಂತೆಕೋಸ್ತ್ ಹಬ್ಬದ ಮುನ್ನಾದಿನ ನೀರನ್ನು ಮಂತ್ರಿಸಿ, ಪವಿತ್ರ ತೈಲ ಬೆರೆಸಿ, ತೊಟ್ಟಿಯಲ್ಲೇ ಇಟ್ಟುಕೊಳ್ಳುತ್ತಿದ್ದರು. ಕೂಸುಗಳ ಸಾವು ಸಾಮಾನ್ಯವಾಗಿದ್ದ ಕಾಲ. ಜ್ಞಾನಸ್ನಾನವಾಗದೆ ಸತ್ತರೆ ಚರ್ಚಿನ ಪವಿತ್ರ ನೆಲದಲ್ಲಿ ಮಣ್ಣು ಸಿಗುತ್ತಿರಲಿಲ್ಲ. ಹುಟ್ಟಿದ ಒಂದೆರಡು ದಿನದಲ್ಲೇ ಹೊತ್ತು ತರುತ್ತಿದ್ದರು, ನೀರು ಸದಾ ಸಿದ್ಧವಿರಬೇಕಿತ್ತು. ಕಲ್ಲು ನೀರು ಹೀರುತ್ತದೆಂದು ಒಳಮೈಗೆ ಸೀಸದ ತಗಡು ಹೊದಿಸುತ್ತಿದ್ದರು. ತಳದಲ್ಲೊಂದು ತೂತು, ಹಳೆಯ ನೀರು ಅದರಿಂದ ನೇರ ಭೂಮಿಗೆ ಇಳಿಯಬೇಕು. ಯಾರ ಕೈಗೂ ಸಿಗಬಾರದು.

ಆದರೆ ಸಿಗುತ್ತಿತ್ತು. ಮಂತ್ರಿಸಿದ ನೀರಿಗೆ ರೋಗ ವಾಸಿಮಾಡುವ ಶಕ್ತಿಯಿದೆ, ಮಾಟಕ್ಕೂ ಬರುತ್ತದೆ ಎಂಬ ನಂಬಿಕೆ ಬಲವಾಗಿತ್ತು, ಕದ್ದೊಯ್ಯುವವರೂ ಇದ್ದರು. 1236ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಎಡ್ಮಂಡ್, ತೊಟ್ಟಿಗಳಿಗೆ ಮುಚ್ಚಳ ಹಾಕಿ ಬೀಗ ಜಡಿಯಬೇಕೆಂದು ಕಟ್ಟಳೆ ಮಾಡಿದರು. ಹಳೆಯ ತೊಟ್ಟಿಯ ಅಂಚಿನಲ್ಲಿ ಎದುರುಬದುರಾಗಿ ಎರಡು ಕಡೆ ಚಕ್ಕೆ ಎದ್ದಿದ್ದರೆ, ಅಥವಾ ಬೇರೆ ಕಲ್ಲಿನ ತೇಪೆ ಇದ್ದರೆ, ಅದು ಬಹುಮಟ್ಟಿಗೆ ಬೀಗದ ಕೊಂಡಿಯ ಗಾಯ. ಕೊಂಡಿಯನ್ನು ಕರಗಿಸಿದ ಸೀಸ ಹೊಯ್ದು ಕೂರಿಸಿರುತ್ತಿದ್ದರು. ಮುಂದೆ ಕಿತ್ತಾಗ ಕಲ್ಲೂ ಕಿತ್ತು ಬಂತು.

ಮುಚ್ಚಳಗಳದೇ ಒಂದು ವೈಭವ. ಸಫೊಕ್‌ನ ಅಫರ್ಡ್ ಚರ್ಚಿನ ಮರದ ಮುಚ್ಚಳ ಸುಮಾರು 18 ಅಡಿ ಎತ್ತರ! ತೇರಿನಂತೆ ಅಂತಸ್ತಂತಸ್ತಾಗಿ ಏರಿ ತುದಿಯಲ್ಲಿ ಎದೆ ಕುಕ್ಕಿಕೊಳ್ಳುವ ಪೆಲಿಕನ್ ಹಕ್ಕಿ. 1644ರಲ್ಲಿ ವಿಗ್ರಹಭಂಜನೆಗೆಂದೇ ನೇಮಕವಾಗಿದ್ದ ವಿಲಿಯಂ ಡೌಸಿಂಗ್ ಇಲ್ಲಿಗೂ ಬಂದ. ಅದನ್ನು ಭವ್ಯವಾದದ್ದು, ಪೋಪರ ಮೂರಂತಸ್ತಿನ ಕಿರೀಟದಂತಿದೆ ಎಂದು ದಿನಚರಿಯಲ್ಲಿ ಬರೆದುಕೊಂಡ. ಮುಚ್ಚಳ ಉಳಿಯಿತು. ಮನಸ್ಸು ಕರಗಿತೋ ಏಣಿ ಸಿಗಲಿಲ್ಲವೋ!

ಇನ್ನು ನಿಮ್ಮ ಅರ್ಡಿಸ್ಲಿ. ಅದರ ಸುತ್ತ ಒಂದು ಸುತ್ತು ಬಂದಿರಬೇಕು ನೀವು. ಗೀರುಗೀರು ಉಡುಪಿನ ಇಬ್ಬರು ಯೋಧರು, ಒಬ್ಬನ ಕೈಯಲ್ಲಿ ಭರ್ಜಿ, ಇನ್ನೊಬ್ಬನದರಲ್ಲಿ ಕತ್ತಿ. ಪಕ್ಕದಲ್ಲಿ ಬಾಲ ಬೀಸಿಕೊಂಡು ನಡೆಯುವ ದೊಡ್ಡ ಸಿಂಹ. ಬಳ್ಳಿಗಳ ಸಿಕ್ಕಿನಲ್ಲಿ ತೊಡರಿಕೊಂಡ ಒಬ್ಬ ಮನುಷ್ಯನ ತೋಳು ಹಿಡಿದು ಯೇಸು ಎಳೆಯುತ್ತಿದ್ದಾನೆ. ಕಂದಮ್ಮಗಳ ತೊಟ್ಟಿಯ ಮೇಲೆ ಕಾಳಗ ಯಾಕೆ ಎಂದು ಎಷ್ಟೋ ಜನ ಕೇಳುತ್ತಾರೆ. ಊರಿನ ಪಾಳೆಯಗಾರರಾಗಿದ್ದ ಬಾಸ್ಕರ್‌ವಿಲ್ ಮನೆತನದ ದ್ವಂದ್ವಯುದ್ಧವೊಂದರ ನೆನಪು ಅದು ಎಂಬ ಮಾತು ಸ್ಥಳೀಯರಲ್ಲಿದೆ. ನನಗೆ ಆ ಮಾತಿಗಿಂತ ತೋಳು ಹಿಡಿದು ಎಳೆಯುವ ಆ ಚಿತ್ರವೇ ಹೆಚ್ಚು ಹೇಳುತ್ತದೆ. ಯೇಸು ನರಕಕ್ಕೆ ಇಳಿದು ಅಲ್ಲಿದ್ದವರನ್ನು ಎಳೆದು ತಂದ ಪ್ರಸಂಗ ಅದು. ಅಂದಿನ ಜ್ಞಾನಸ್ನಾನದಲ್ಲಿ ಮೊದಲು ಚರ್ಚಿನ ಬಾಗಿಲಲ್ಲೇ ಕೂಸಿನ ನಾಲಿಗೆಗೆ ಉಪ್ಪು ಮುಟ್ಟಿಸಿ, ಕೂಸನ್ನು ಬಿಟ್ಟು ತೊಲಗೆಂದು ಸೈತಾನನನ್ನು ಗದರಿಸಿ, ಆಮೇಲೆ ತೊಟ್ಟಿಯ ಬಳಿಗೆ ತರುತ್ತಿದ್ದರು. ತೊಟ್ಟಿಗಳು ಬಾಗಿಲ ಹತ್ತಿರ ಇರುವುದೂ ಇದರಿಂದಲೇ. ಅದು ಒಳಗೆ ಬರುವ ವಿಧಿ. ನೀರಿಗೆ ಅದ್ದಿದ ಕೂಸನ್ನು ಪಾದ್ರಿ ಮೇಲೆತ್ತುವಾಗ, ಕೆಳಗೆ ಕಲ್ಲಿನಲ್ಲಿ ಯೇಸುವಿನ ಕೈ ಮಾಡುತ್ತಿದ್ದದ್ದೂ ಅದೇ ಕೆಲಸ.

ಅದನ್ನು ಕಡೆದ ಶಿಲ್ಪಿಯ ಹೆಸರು ಉಳಿದಿಲ್ಲ. ಅದೇ ಸೀಮೆಯ ಕಿಲ್‌ಪೆಕ್ ಚರ್ಚಿನಲ್ಲೂ ಕಾಸಲ್ ಫ್ರೋಮ್‌ನ ತೊಟ್ಟಿಯಲ್ಲೂ ಇದೇ ಕೈಚಳಕದ ಪಂಗಡ ಕೆಲಸ ಮಾಡಿದೆ. ಹೆಸರು ಬೇಕೆಂದರೆ ಉತ್ತರಕ್ಕೆ, ಕಂಬ್ರಿಯದ ಬ್ರೈಡ್‌ಕರ್ಕ್‌ಗೆ ಹೋಗಬೇಕು. ಅಲ್ಲಿನ ಹನ್ನೆರಡನೇ ಶತಮಾನದ ತೊಟ್ಟಿಯ ಮೇಲೆ ಉತ್ತರ ಯುರೋಪಿನ ಹಳೆಯ ರೂನ್ ಲಿಪಿಯಲ್ಲಿ, ಆದರೆ ಹಳೆಯ ಇಂಗ್ಲಿಷಿನಿಂದ ಆಗತಾನೇ ಹೊರಳಿದ ನುಡಿಯಲ್ಲಿ, ರಿಚರ್ಡ್ ನನ್ನನ್ನು ಮಾಡಿದ, ಈ ಚೆಲುವಿಗೆ ತಂದ ಎಂದು ತೊಟ್ಟಿಯೇ ಹೇಳಿಕೊಳ್ಳುತ್ತದೆ. ಪಕ್ಕದಲ್ಲೇ ಉಳಿ ಸುತ್ತಿಗೆ ಹಿಡಿದ ಪುಟ್ಟ ಆಳು. ಅವನೇ ರಿಚರ್ಡ್ ಇರಬೇಕೆಂದು ಬಲ್ಲವರ ಎಣಿಕೆ.

ಹಾಗಾದರೆ ಅದ್ದುವುದು ನಿಂತದ್ದು ಯಾವಾಗ? ಒಂದು ದಿನದಲ್ಲಿ ಅಲ್ಲ. 1549ರ ಇಂಗ್ಲಿಷ್ ಪ್ರಾರ್ಥನಾ ಪುಸ್ತಕ ಮೊದಲು ಬಲಮಗ್ಗುಲು, ಆಮೇಲೆ ಎಡಮಗ್ಗುಲು, ಮೂರನೆಯ ಸಲ ಮುಖ ಕೆಳಗಾಗಿ ಅದ್ದಬೇಕು ಎನ್ನುತ್ತದೆ. ಕೂಸು ನಿತ್ರಾಣವಾಗಿದ್ದರೆ ನೀರು ಹೊಯ್ದರೂ ಸಾಕು ಎಂದೂ ಸೇರಿಸುತ್ತದೆ. ಚಳಿಯ ದೇಶ, ತಣ್ಣೀರು. ತಮ್ಮ ಕೂಸು ಗಟ್ಟಿಮುಟ್ಟಾಗಿದೆ ಎಂದು ಯಾವ ತಾಯಿ ಒಪ್ಪಿಯಾಳು? ವಿನಾಯಿತಿಯೇ ರೂಢಿಯಾಯಿತು. 1645ರಲ್ಲಿ, ಕಥೋಲಿಕ ಪದ್ಧತಿಯ ಕುರುಹೇ ಉಳಿಯಬಾರದೆನ್ನುತ್ತಿದ್ದ ಪ್ಯೂರಿಟನ್ನರ ಪಾರ್ಲಿಮೆಂಟು, ಪೋಪರ ಕಾಲದ ಆ ತೊಟ್ಟಿಗಳಿದ್ದ ಜಾಗದಲ್ಲಿ ಜ್ಞಾನಸ್ನಾನವೇ ಬೇಡ ಎಂದಿತು. ಕೆಲವು ತೊಟ್ಟಿಗಳು ದನಕ್ಕೆ ನೀರಿಡುವ ಬಾನಿಗಳಾದವು, ಕೆಲವು ತೋಟದಲ್ಲಿ ಹೂಕುಂಡಗಳಾದವು. ಅಂಥ ಎಷ್ಟನ್ನೋ ಹತ್ತೊಂಬತ್ತನೇ ಶತಮಾನದಲ್ಲಿ ತೊಳೆದು ಮತ್ತೆ ಒಳಗೆ ತಂದು ಕೂರಿಸಿದರು.

ತಮಾಷೆಯೆಂದರೆ, ಇಂಗ್ಲೆಂಡಿನ ಚರ್ಚು ಇನ್ನೂ ಕೈಬಿಡದ 1662ರ ಪ್ರಾರ್ಥನಾ ಪುಸ್ತಕದಲ್ಲೂ ಮೊದಲು ಹೇಳಿರುವುದು ಕೂಸನ್ನು ಹುಷಾರಾಗಿ ನೀರಿನಲ್ಲಿ ಅದ್ದಬೇಕೆಂದೇ. ಮುಂದಿನ ಸಲ ಹೋದಾಗ ಅನುಮತಿ ಕೇಳಿ ಯಾವುದಾದರೂ ಹಳೆಯ ತೊಟ್ಟಿಯ ಮುಚ್ಚಳ ಎತ್ತಿಸಿ ನೋಡಿ. ಅಷ್ಟಗಲದ ಸೀಸದ ಒಡಲೊಳಗೆ ಈಗ ಬಳಸುವ ಒಂದು ಪುಟ್ಟ ಬಟ್ಟಲು ಕೂತಿದ್ದರೂ ಇರಬಹುದು.