ಚಟ ಮೊದಲೋ, ಸಂಕಟ ಮೊದಲೋ?

1971ರ ಮಧ್ಯಭಾಗ. ವಿಯೆಟ್ನಾಂನಿಂದ ಮನೆಗೆ ಹೊರಟ ಅಮೆರಿಕದ ಸೈನಿಕರು ವಿಮಾನ ಹತ್ತುವ ಮುಂಚೆ ಮೂತ್ರ ಪರೀಕ್ಷೆಗೆ ಒಳಗಾಗಬೇಕಿತ್ತು. ಹೆರಾಯಿನ್ ಸುಳಿವು ಸಿಕ್ಕಿತೋ, ಪ್ರಯಾಣ ರದ್ದು. ನಶೆ ಇಳಿಯುವವರೆಗೆ ಅಲ್ಲೇ ಇರಬೇಕು. ಅಲ್ಲಿ ಹೆರಾಯಿನ್ ಅಗ್ಗವಾಗಿತ್ತು, ಶುದ್ಧವಾಗಿತ್ತು. ಸಿಗರೇಟಿನ ತಂಬಾಕಿಗೆ ಬೆರೆಸಿ ಸೇದಿದರೆ ಸಾಕು, ಸೂಜಿಯ ಗೊಡವೆಯೇ ಇಲ್ಲ. ಅಲ್ಲಿದ್ದಾಗ ಚಟಕ್ಕೆ ಬಿದ್ದಿದ್ದೆವು ಎಂದು ಒಪ್ಪಿಕೊಂಡವರು ಸುಮಾರು ಐವರಲ್ಲಿ ಒಬ್ಬರು. ಇವರೆಲ್ಲ ಊರು ಸೇರಿದರೆ ಗತಿಯೇನು ಎಂದು ನಿಕ್ಸನ್ ಸರ್ಕಾರ ಬೆವರಿತು.

ಸಮಾಜವಿಜ್ಞಾನಿ ಲೀ ರಾಬಿನ್ಸ್ ತಂಡ ಹಿಂದಿರುಗಿದವರನ್ನು ಹುಡುಕಿ ಮಾತನಾಡಿಸಿತು. ಅಲ್ಲಿ ವ್ಯಸನಿಗಳಾಗಿದ್ದವರ ಪೈಕಿ ಮೊದಲ ವರ್ಷ ಮತ್ತೆ ಚಟಕ್ಕೆ ಸಿಕ್ಕವರು ಶೇ 5ರಷ್ಟು ಮಾತ್ರ. ಚಿಕಿತ್ಸೆಗೆ ಹೋದವರೇ ಕಡಿಮೆ. ಊರಲ್ಲಿ ಮತ್ತೆ ಹೆರಾಯಿನ್ ರುಚಿ ನೋಡಿಯೂ ಚಟ ಹತ್ತಿಸಿಕೊಳ್ಳದವರಿದ್ದರು! ಒಮ್ಮೆ ಮುಟ್ಟಿದರೆ ಮುಗಿಯಿತು ಎಂಬ ನಂಬಿಕೆ ಎಷ್ಟು ಗಟ್ಟಿಯೆಂದರೆ, ಈ ಲೆಕ್ಕವನ್ನು ಆಗ ಅನೇಕರು ನಂಬಲೇ ಇಲ್ಲ. ಪದಾರ್ಥ ಅದೇ, ಮೆದುಳೂ ಅದೇ. ಬದಲಾದದ್ದು ಸುತ್ತಲಿನ ಬದುಕು.

ಆದರೆ ಸಂಕಟ ಯುದ್ಧಭೂಮಿಯಲ್ಲಿರದೆ ಮನೆಯೊಳಗೇ ಇದ್ದರೆ? 1998ರಲ್ಲಿ ಅಮೆರಿಕದ ವೈದ್ಯರಾದ ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ವಯಸ್ಕರ ಬಾಲ್ಯವನ್ನು ಕೆದಕಿತು. ಹೊಡೆತ, ಲೈಂಗಿಕ ಶೋಷಣೆ, ಮನೆಯಲ್ಲಿ ಕುಡುಕರು, ಜೈಲು ಸೇರಿದವರು: ಇಂಥ ನಾಲ್ಕು ಅಥವಾ ಹೆಚ್ಚು ಬಗೆಯ ಸಂಕಟ ಕಂಡವರಲ್ಲಿ ಮದ್ಯವ್ಯಸನ, ಮಾದಕ ವ್ಯಸನ, ಖಿನ್ನತೆ, ಆತ್ಮಹತ್ಯೆಯ ಯತ್ನ ಇವುಗಳ ಅಪಾಯ 4ರಿಂದ 12 ಪಟ್ಟು ಹೆಚ್ಚಿತ್ತು. ಇದೆಲ್ಲ ಅಧ್ಯಯನದಲ್ಲಿ ಭಾಗವಹಿಸಿದವರು ನೆನಪಿನಿಂದ ಹೇಳಿದ್ದು, ನಿಜ. ವಂಶವಾಹಿಗಳ ಪಾಲೂ ಇದೆ, ಕುಡುಕ ತಂದೆ ಮಗನಿಗೆ ಬರೀ ಭಯವನ್ನಷ್ಟೇ ದಾಟಿಸುವುದಿಲ್ಲ. ಆದರೂ ಅನೇಕರ ಪಾಲಿಗೆ ಕೇಡು ಶುರುವಾದದ್ದು ಮೊದಲ ದಮ್ಮಿಗಿಂತ ಎಷ್ಟೋ ಮುಂಚೆ ಎಂದೇ ನನಗನಿಸುತ್ತದೆ.

ಹಾಗೆಂದು ಪದಾರ್ಥ ನಿರಪರಾಧಿಯಲ್ಲ. ಅದು ದೇಹವನ್ನೇ ಪಳಗಿಸಿಕೊಳ್ಳುತ್ತದೆ. ಮನೋವಿಜ್ಞಾನಿ ಶೆಪರ್ಡ್ ಸೀಗಲ್ 1982ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಹೆರಾಯಿನ್‌ಗೆ ಒಗ್ಗಿದ ಇಲಿಗಳಿಗೆ ಒಂದೇ ಅಳತೆಯ ಭಾರೀ ಡೋಸ್ ಕೊಟ್ಟರು. ಯಾವಾಗಲೂ ಚುಚ್ಚಿಸಿಕೊಳ್ಳುತ್ತಿದ್ದ ಜಾಗದಲ್ಲಿ ಸತ್ತವು ಶೇ 32, ಹೊಸ ಜಾಗದಲ್ಲಿ ಶೇ 64. ಪರಿಚಿತ ಜಾಗ ಕಂಡೊಡನೆ ದೇಹ ನಶೆಗೆ ಎದುರಾಗಿ ಮೊದಲೇ ಸಜ್ಜಾಗುತ್ತಿತ್ತು. ಹೆರಾಯಿನ್ ಬರದೇ ಹೋದರೆ ಆ ಸಜ್ಜೇ ತಹತಹಿಕೆಯಾಗಿ ಕಾಡುತ್ತದೆ. ಕಾಡನ್ನೂ ಜೊತೆಗಾರರನ್ನೂ ವಿಯೆಟ್ನಾಂನಲ್ಲೇ ಬಿಟ್ಟುಬಂದ ಸೈನಿಕನಿಗೆ ಇದೂ ಒಂದು ಬಿಡುಗಡೆಯಾಗಿರಬೇಕು.

ಜೈಲಿನಿಂದ ಬಿಡುಗಡೆಯಾದವರಿಗೆ ಆ ಅದೃಷ್ಟವಿಲ್ಲ. ವಾಷಿಂಗ್ಟನ್ ರಾಜ್ಯದ ಕೈದಿಗಳ ಬಗ್ಗೆ 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೊರಬಂದ ಮೊದಲ ಎರಡು ವಾರಗಳಲ್ಲಿ ಮಾದಕ ವಸ್ತುವಿನ ಮಿತಿಮೀರಿದ ಸೇವನೆಯಿಂದ ಸಾಯುವ ಅಪಾಯ ಉಳಿದ ಜನರಿಗಿಂತ 129 ಪಟ್ಟು. ಒಳಗಿದ್ದಷ್ಟು ದಿನ ದೇಹ ಹಳೆಯ ಡೋಸ್ ತಾಳುವ ಶಕ್ತಿ ಕಳೆದುಕೊಂಡಿರುತ್ತದೆ. ಹೊರಗೆ ಕಾಯುತ್ತಿರುವುದು ಅದೇ ಓಣಿ, ಅದೇ ಗೆಳೆಯರು, ಕೆಲಸವಿಲ್ಲದ ಅವೇ ದಿನಗಳು.